ಮದುಮಗಳ ಸಂದೂಕ: ಸೂಜಿ-ದಾರ ಹೇಳುವ ಚರಿತ್ರೆ

ಮದುವೆಯ ಹಂಗಾಮು ಬಂತೆಂದರೆ ನಮ್ಮ ಮಸೀದಿಗಳ ಜುಮಾ ಖುತ್ಬಾದಲ್ಲಿ ಜಹೇಜಿನ ಮಾತು ಬಂದೇ ಬರುತ್ತದೆ. ಖತೀಬರು ಎಚ್ಚರಿಸುತ್ತಾರೆ, ನಾವು ತಲೆದೂಗುತ್ತೇವೆ. ಮನೆಗೆ ಬಂದ ಮೇಲೆ ಅದೇ ಫ್ರಿಜ್, ಅದೇ ವಾಷಿಂಗ್ ಮಷೀನ್, ಅದೇ ಬೈಕಿನ ಪಟ್ಟಿ. ಈ ಪಟ್ಟಿಯನ್ನು ಬೈಯುವವರು ಬಹಳ ಮಂದಿ. ಆದರೆ ಈ ಪಟ್ಟಿ ಬರುವ ಮೊದಲು ಹೆಣ್ಣುಮಗಳು ತವರಿನಿಂದ ಏನನ್ನು ಒಯ್ಯುತ್ತಿದ್ದಳು, ಅದನ್ನು ಯಾರು ತಯಾರಿಸುತ್ತಿದ್ದರು, ಅದು ಯಾರ ಸ್ವತ್ತಾಗಿತ್ತು ಎಂದು ಕೇಳುವವರು ಕಡಿಮೆ.

ಕಲಬುರಗಿಯ ಹಳೆಯ ಮೊಹಲ್ಲಾಗಳಲ್ಲೂ ಕಮಲಾಪುರದ ಕಡೆಯ ಊರುಗಳಲ್ಲೂ ಕೆಲವು ಮನೆಗಳ ಒಳಕೋಣೆಯಲ್ಲಿ ಇಂದಿಗೂ ಒಂದು ಸಂದೂಕ ಇದೆ. ಮರದ್ದೋ, ತಗಡಿನದ್ದೋ. ನಾನಿಯದ್ದೋ, ದಾದಿಯದ್ದೋ. ಮುಚ್ಚಳ ತೆಗೆದರೆ ಬೇವಿನೆಲೆಯ, ಕರ್ಪೂರದ ವಾಸನೆ. ಒಳಗೆ ಮಡಚಿಟ್ಟ ಬಟ್ಟೆಗಳು. ಚಿನ್ನದ ಚರಿತ್ರೆ ಬರೆದವರಿದ್ದಾರೆ, ಕೋಟೆಯ ಚರಿತ್ರೆ ಬರೆದವರಿದ್ದಾರೆ. ಈ ಬಟ್ಟೆಗಳ ಚರಿತ್ರೆಯನ್ನು ಅವುಗಳ ಹೊಲಿಗೆಯೇ ಹೇಳಬೇಕು.

ಜಹೇಜ್ ಎಂದರೆ ಏನು?

ಪದದಿಂದಲೇ ಆರಂಭಿಸೋಣ. ಜಹೇಜ್ ಎಂಬುದು ಅರಬಿಯ 'ಜಹಾಝ್' ಎಂಬ ಪದದಿಂದ ಬಂದದ್ದು. ಅದರ ಅರ್ಥ ಸಿದ್ಧತೆ, ಸಜ್ಜುಗೊಳಿಸುವುದು, ದಾರಿಗೆ ಬೇಕಾದ ಸಾಮಾನು ಕಟ್ಟಿಕೊಡುವುದು. ಪವಿತ್ರ ಕುರ್‌ಆನಿನ ಸೂರಃ ಯೂಸುಫ್‌ನ 59 ಮತ್ತು 70ನೇ ಆಯತ್‌ಗಳಲ್ಲಿ ಈ ಪದ ಬಂದಿದೆ. ಅಲ್ಲಿ ಮದುವೆಯ ಪ್ರಸ್ತಾಪವೇ ಇಲ್ಲ. ಬರಗಾಲದಲ್ಲಿ ಧಾನ್ಯಕ್ಕಾಗಿ ಈಜಿಪ್ಟಿಗೆ ಬಂದ ಸಹೋದರರಿಗೆ ಹಝ್ರತ್ ಯೂಸುಫ್(ಅ)ರು ದಾರಿಯ ಸಾಮಾನು ಕಟ್ಟಿಸಿಕೊಟ್ಟದ್ದನ್ನು ಹೇಳುವಾಗ ಆ ಪದ ಬಳಕೆಯಾಗಿದೆ. ತುರ್ಕಿಯವರು ಮದುಮಗಳ ಬಟ್ಟೆಬರೆಗೆ ಹೇಳುವ 'ಚೆಯಿಝ್' ಕೂಡ ಇದೇ ಬೇರಿನದು.

ಅಂದರೆ ಈ ಪದದಲ್ಲಿ ವ್ಯಾಪಾರವಿಲ್ಲ, ಬೇಡಿಕೆಯಿಲ್ಲ. ದೂರ ಹೊರಟವರಿಗೆ ಮನೆಯವರು ಬುತ್ತಿ ಕಟ್ಟಿಕೊಟ್ಟಂತೆ ಅದು. ಬುತ್ತಿಯನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ.

ಮದೀನಾದ ಮನೆಯ ತಲೆದಿಂಬು

ಹಿಜರಿ 2ನೇ ವರ್ಷದ ಸುಮಾರಿಗೆ ಹಝ್ರತ್ ಫಾತಿಮಾ(ರ)ರ ನಿಕಾಹ್ ಹಝ್ರತ್ ಅಲೀ(ರ)ಯವರೊಂದಿಗೆ ನಡೆಯಿತು. ಪ್ರವಾದಿ(ಸ)ಯವರು ಮಗಳ ಮನೆಗೆ ಸಿದ್ಧಪಡಿಸಿಕೊಟ್ಟ ವಸ್ತುಗಳನ್ನು ಸುನನ್ ನಸಾಯೀಯ ಹದೀಸ್ ಹೆಸರಿಸುತ್ತದೆ: ದಪ್ಪ ಜುಂಜಿನ ಒಂದು ಬಟ್ಟೆ, ತೊಗಲಿನ ನೀರಿನ ಚೀಲ, ಮತ್ತು 'ಇದ್ಖಿರ್' ಎಂಬ ಪರಿಮಳದ ಹುಲ್ಲು ತುಂಬಿದ ತಲೆದಿಂಬು. ಬೇರೆ ವರದಿಗಳಲ್ಲಿ ಬೀಸುಕಲ್ಲು, ಮಣ್ಣಿನ ಕೊಡಗಳೂ ಸೇರುತ್ತವೆ. ಇನ್ನೊಂದು ಕಡೆ ಹಝ್ರತ್ ಅಲೀ(ರ) ತಮ್ಮ ಯುದ್ಧಕವಚವನ್ನೇ ಮಹ್ರ್ ಆಗಿ ಕೊಟ್ಟರು. ಆ ಕವಚದ ಹಣದಿಂದಲೇ ಮನೆಯ ಈ ಸಾಮಾನುಗಳ ಖರೀದಿಯೂ ನಡೆಯಿತು ಎಂದು ಅನೇಕ ಉಲಮಾಗಳು ವಿವರಿಸುತ್ತಾರೆ. ಹಾಗಾದರೆ ಜಹೇಜಿಗೆ ದಲೀಲಾಗಿ ನಾವು ತೋರಿಸುವ ಮದುವೆಯಲ್ಲೇ ಹಣ ಹೊರಟದ್ದು ಗಂಡಿನ ಕಡೆಯಿಂದ.

ಆ ಮೂರು ವಸ್ತುಗಳಲ್ಲಿ ಎರಡು ಹಾಸಿಗೆ-ಹೊದಿಕೆಗೆ ಸೇರಿದವು ಎಂಬುದನ್ನು ಗಮನಿಸಬೇಕು. ಹೊಸ ಮನೆ ಎಂದರೆ ಮೊದಲು ತಲೆಯಿಡಲು ಒಂದು ದಿಂಬು, ಮೈಮೇಲೆ ಒಂದು ಬಟ್ಟೆ.

ಪ್ರವಾದಿ(ಸ)ಯವರ ಮನೆಯ ಇನ್ನೊಂದು ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಹಝ್ರತ್ ಆಯಿಶಾ(ರ) ಚಿತ್ರಗಳಿದ್ದ ಒಂದು ಪರದೆಯನ್ನು ತೂಗುಹಾಕಿದ್ದರು. ಪ್ರವಾದಿ(ಸ)ಯವರಿಗೆ ಅದು ಹಿಡಿಸಲಿಲ್ಲ. ಆಯಿಶಾ(ರ) ಆ ಬಟ್ಟೆಯನ್ನು ಎಸೆಯಲಿಲ್ಲ, ಕತ್ತರಿಸಿ ಒರಗು ದಿಂಬುಗಳನ್ನು ಮಾಡಿಕೊಂಡರು. ಉಮ್ಮುಲ್ ಮೂಮಿನೀನ್ ಹಝ್ರತ್ ಝೈನಬ್ ಬಿಂತ್ ಜಹ್ಶ್(ರ) ಕೈಕೆಲಸದಲ್ಲಿ ಹೆಸರುವಾಸಿ. ತೊಗಲು ಹದ ಮಾಡಿ, ಹೊಲಿದು, ಬಂದ ಗಳಿಕೆಯನ್ನು ಸದಕಾ ಮಾಡುತ್ತಿದ್ದರು. ಸ್ವತಃ ಪ್ರವಾದಿ(ಸ)ಯವರು ಮನೆಯಲ್ಲಿ ತಮ್ಮ ಬಟ್ಟೆ ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆ ರಿಪೇರಿ ಮಾಡಿಕೊಳ್ಳುತ್ತಿದ್ದರು ಎಂದು ಆಯಿಶಾ(ರ)ರೇ ತಿಳಿಸಿದ್ದಾರೆ. ಸೂಜಿ ಹಿಡಿಯುವುದು ಹೆಂಗಸರ ಕೆಲಸ ಮಾತ್ರ ಎಂಬ ಮಾತಿಗೆ ಮದೀನಾದ ಆ ಮನೆಯಲ್ಲಿ ಜಾಗ ಇರಲಿಲ್ಲ.

ಬಹಮನಿಗಳ ಊರಿನಲ್ಲಿ ಚರಕ

ಈಗ ನಮ್ಮ ಊರಿಗೆ ಬರೋಣ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ್ ದಖನ್ನಿನಲ್ಲಿ ಸ್ವತಂತ್ರ ರಾಜ್ಯ ಕಟ್ಟಿ, ಕಲಬುರಗಿಯನ್ನು ರಾಜಧಾನಿ ಮಾಡಿದ. ಅವನ ಆಶ್ರಯದಲ್ಲಿ ಇಸಾಮಿ ಎಂಬ ಕವಿ 1350ರಲ್ಲಿ 'ಫುತೂಹುಸ್ಸಲಾತೀನ್' ಎಂಬ ಪಾರಸಿ ಇತಿಹಾಸ ಕಾವ್ಯವನ್ನು ಬರೆದು ಮುಗಿಸಿದ. ಅದರಲ್ಲಿ ದೆಹಲಿಯ ಸುಲ್ತಾನಾ ರಝಿಯಾಳ ಪ್ರಸ್ತಾಪ ಬಂದಾಗ, ಹೆಂಗಸಿಗೆ ಸಿಂಹಾಸನಕ್ಕಿಂತ ಚರಕವೇ ಲೇಸು ಎಂಬ ಅರ್ಥದ ಟೀಕೆ ಮಾಡುತ್ತಾನೆ. ಟೀಕೆ ಕಹಿಯಾದರೂ ಇತಿಹಾಸಕಾರರಿಗೆ ಅದು ಅಮೂಲ್ಯ. ಭಾರತದಲ್ಲಿ ನೂಲುವ ಚರಕದ ಬಗ್ಗೆ ಸಿಗುವ ಅತಿ ಹಳೆಯ ಸ್ಪಷ್ಟ ಉಲ್ಲೇಖಗಳಲ್ಲಿ ಇದೂ ಒಂದು ಎಂದು ಇರ್ಫಾನ್ ಹಬೀಬ್ ಅವರು ತೋರಿಸಿಕೊಟ್ಟಿದ್ದಾರೆ. ಹೀಗೆ ಚರಕದ ಹೆಸರು ಇತಿಹಾಸದ ಪುಟಕ್ಕೆ ಬಂದದ್ದು ಬಹಮನಿ ಆಸ್ಥಾನದ ಆಶ್ರಯದಲ್ಲಿ ಬರೆದ ಕಾವ್ಯದ ಮೂಲಕ.

ಇಸಾಮಿಯ ಮಾತಿನಲ್ಲಿ ಚರಕ ಹೆಣ್ಣನ್ನು ಮೂಲೆಗೆ ಕೂರಿಸುವ ಸಾಧನ. ಅದೇ ಚರಕವನ್ನು ಸೂಫಿಗಳು ಬೇರೆಯೇ ಕಣ್ಣಿನಿಂದ ನೋಡಿದರು. 1400ರ ಸುಮಾರಿಗೆ ಕಲಬುರಗಿಗೆ ಬಂದು, 1422ರಲ್ಲಿ ಇಲ್ಲಿಯೇ ಇಹಲೋಕ ತ್ಯಜಿಸಿದ ಹಝ್ರತ್ ಖ್ವಾಜಾ ಬಂದೇ ನವಾಝ್ ಗೇಸೂದರಾಝ್‌ರ ಹೆಸರಿನಲ್ಲಿ ದಖ್ಖನಿ ಭಾಷೆಯ ಒಂದು 'ಚಕ್ಕೀನಾಮಾ' ಪ್ರಚಲಿತವಿದೆ. ಮುಂದೆ ವಿಜಯಪುರದ ಸೂಫಿಗಳು ಚಕ್ಕೀನಾಮಾ, ಚರ್ಖಾನಾಮಾಗಳನ್ನು ಬೆಳೆಸಿದರು. ಇವು ಬೀಸುವಾಗ, ನೂಲುವಾಗ ಹೆಂಗಸರು ಹಾಡುವ ಹಾಡುಗಳು. ಚರಕದ ಸುತ್ತು, ಬೀಸುಕಲ್ಲಿನ ಹಿಡಿ ಎಲ್ಲವನ್ನೂ ಅಲ್ಲಾಹನ ಸ್ಮರಣೆಗೆ ಹೋಲಿಸುವ ಹಾಡುಗಳು. ದಖನ್ನಿನ ಹಳ್ಳಿಗಳಿಗೆ ದೀನಿನ ಮಾತು ತಲುಪಿದ್ದರಲ್ಲಿ ಈ ಹಾಡುಗಳ ಪಾತ್ರ ದೊಡ್ಡದು ಎಂದು ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ವಿಜಯಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ವಾದಿಸಿದ್ದಾರೆ. ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೂಲುತ್ತಿದ್ದ ತಾಯಂದಿರ ಬಾಯಲ್ಲಿ ಆ ಹಾಡುಗಳು ಉಳಿದವು.

ಸಂದೂಕದೊಳಗೆ ಏನಿತ್ತು?

ನೂಲು ಬಟ್ಟೆಯಾಗಿ, ಬಟ್ಟೆ ಮನೆಯ ಹಾಸು-ಹೊದಿಕೆಯಾಗುವ ದಾರಿಯಲ್ಲಿ ಮದುಮಗಳ ಸಂದೂಕ ಬರುತ್ತದೆ. ನಮ್ಮ ಮನೆಗಳಲ್ಲಿ ಹುಡುಗಿ ಸೂಜಿ ಹಿಡಿಯಲು ಕಲಿತ ಮೇಲೆ ತಾಯಿ, ಖಾಲಾ, ಫುಪ್ಪಿಯರ ಜೊತೆ ಕೂತು ಒಂದೊಂದೇ ಬಟ್ಟೆ ಹೊಲಿದು ಸೇರಿಸಿಡುತ್ತಿದ್ದಳು. ಊಟಕ್ಕೆ ಹಾಸುವ ದಸ್ತರ್‌ಖಾನ್. ತಾಟು ಮುಚ್ಚುವ ಖಾನ್‌ಪೋಶ್. ಮಂಚದ ಮೇಲೆ ಹಾಸುವ ಪಲಂಗ್‌ಪೋಶ್. ಅಂಚಿಗೆ ಕ್ರೋಶಾ ಲೇಸ್ ಹಾಕಿದ ತಲೆದಿಂಬಿನ ಗಿಲಾಫ್. ನಮಾಝಿಗೆ ಜಾನಮಾಝ್. ಎಲೆ-ಅಡಿಕೆಗೆ ಬಟುವಾ. ಎಲ್ಲಕ್ಕಿಂತ ಮೇಲೆ, ಕುರ್‌ಆನ್ ಶರೀಫ್ ಇಡುವ ಜುಝ್‌ದಾನ್. ಮನೆಯಲ್ಲಿದ್ದ ಬಟ್ಟೆಗಳಲ್ಲೇ ಒಳ್ಳೆಯ ತುಂಡು ಜುಝ್‌ದಾನಿಗೆ ಮೀಸಲು.

ಇವುಗಳ ಹಿಂದೆ ಇನ್ನೊಂದು ಕಸುಬಿನ ಕೈಯೂ ಇತ್ತು: ಪಿಂಜಾರರು. ಅರಳೆಯನ್ನು ಪಿಂಜುವವರಿಗೆ ಅರಬಿಯಲ್ಲಿ 'ನದ್ದಾಫ್' ಎನ್ನುತ್ತಾರೆ. ನಮ್ಮ ನದಾಫ್ ಎಂಬ ಮನೆತನದ ಹೆಸರು ಅಲ್ಲಿಂದಲೇ ಬಂದದ್ದು. ಹೆಗಲ ಮೇಲೆ ದೊಡ್ಡ ಬಿಲ್ಲು ಹೊತ್ತು ಊರೂರು ತಿರುಗಿ, ಅದರ ನಾರಿಯನ್ನು ಮೀಟಿ, ಗಂಟುಗಟ್ಟಿದ ಹತ್ತಿಯನ್ನು ಮೋಡದಂತೆ ಹಗುರ ಮಾಡಿ, ಗಾದಿ, ದಿಂಬು, ರಜಾಯಿ ತುಂಬಿಕೊಡುತ್ತಿದ್ದವರು ಇವರು. ಮನೆಯಲ್ಲಿ ಕನ್ನಡವನ್ನೇ ಆಡುವ ಮುಸ್ಲಿಮರಲ್ಲಿ ಪಿಂಜಾರ-ನದಾಫರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮ ಎಷ್ಟೋ ತಾಯಂದಿರ ಮೊದಲ ರಾತ್ರಿಯ ಹಾಸಿಗೆ ಇವರ ಬೆವರಿನಿಂದ ಮೃದುವಾದದ್ದು. ಇಂದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರು ಪ್ರವರ್ಗ 1ರಲ್ಲಿದ್ದಾರೆ. ಫೋಮ್ ಹಾಸಿಗೆ ಬಂದ ಮೇಲೆ ಆ ಬಿಲ್ಲಿನ ಸದ್ದು ಅಡಗುತ್ತಾ ಬಂತು.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಾಗಿದರೆ ಸಿಗುವ ಕಮಲಾಪುರವನ್ನು ಜನ ಕೆಂಪು ಬಾಳೆಯಿಂದ ಗುರುತಿಸುತ್ತಾರೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಆ ಭಾಗದ ಹಳ್ಳಿಮನೆಗಳಲ್ಲಿ ಇನ್ನೊಂದು ಸಂಪತ್ತಿದೆ, ಅದು ಕೌದಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜಾತಿ-ಧರ್ಮದ ಭೇದವಿಲ್ಲದೆ ಎಲ್ಲರ ಮನೆಯ ಹೊದಿಕೆ ಇದೇ. ಹಳೆಯ ಸೀರೆ, ಧೋತರ, ಲಂಗ, ಕುಪ್ಪಸದ ತುಂಡುಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಬೇಕು. ಮೇಲೆ ಬಣ್ಣಬಣ್ಣದ ತೇಪೆಗಳನ್ನು ಜೋಡಿಸಬೇಕು. ಅಂಚಿನಿಂದ ಹಿಡಿದು ಒಳಗೊಳಗೆ ಸಾಲು ಹೊಲಿಗೆ ಹಾಕುತ್ತ ಬರಬೇಕು. ಹೊಲಿಗೆ ಒತ್ತಾದಷ್ಟೂ ಕೌದಿ ಬಾಳಿಕೆ. ಒಬ್ಬಳೇ ಕೂತರೆ ವಾರಗಟ್ಟಲೆ, ನಾಲ್ಕು ಜನ ಸುತ್ತ ಕೂತರೆ ಬೇಗ. ಆದ್ದರಿಂದ ಕೌದಿ ಎಂದರೆ ನೆರೆಮನೆಯ ಹೆಂಗಸರೆಲ್ಲ ಸೇರುವ ಜಾಗ.

ಕಮಲಾಪುರದ ಸುತ್ತ ತಾಂಡಾಗಳೂ ಬಹಳ. ಲಂಬಾಣಿ ತಾಯಂದಿರು ಕನ್ನಡಿ ಬಿಲ್ಲೆ, ಕವಡೆ, ಬಣ್ಣದ ದಾರ ಸೇರಿಸಿ ಮಗಳ ಮದುವೆಯ ಉಡುಪನ್ನು ಕೈಯಾರೆ ಸಿಂಗರಿಸುವ ಪದ್ಧತಿ ಹಳೆಯದು. ಗಡಿಯಾಚೆಯ ಮರಾಠಿ ಮನೆಗಳಲ್ಲಿ ಮದುಮಗಳ ಕೈಕೆಲಸವನ್ನು ಜೋಡಿಸಿಡುವ 'ರುಖವತ' ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ 'ಕವಂದಿ'ಯೂ ನಮ್ಮ ಕೌದಿಯ ಒಡಹುಟ್ಟು. ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಮೂವರೂ ಇದ್ದಾರೆ. ಮುಸ್ಲಿಮ್ ಸಿದ್ದಿಗಳ ಕವಂದಿಯಲ್ಲಿ ಅರ್ಧಚಂದ್ರ ಕಂಡರೆ, ಕ್ರೈಸ್ತರದರಲ್ಲಿ ಶಿಲುಬೆ ಕಾಣುತ್ತದೆ. ನಾಲ್ಕು ಮೂಲೆಗೆ ಬಟ್ಟೆಯ ಮಡಿಕೆಯಿಂದ ಮಾಡಿದ 'ಫೂಲ್' ಇಡದಿದ್ದರೆ ಕವಂದಿ ಪೂರ್ಣವಲ್ಲ ಎಂಬುದು ಅವರ ನಂಬಿಕೆ. 2004ರಲ್ಲಿ ಅಲ್ಲಿನ ಹೆಂಗಸರು ಸಹಕಾರಿ ಸಂಘ ಕಟ್ಟಿಕೊಂಡರು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಕವಂದಿಗಳನ್ನು ಹೊರದೇಶದ ಪ್ರದರ್ಶನಗಳಿಗೂ ಪರಿಚಯಿಸಿದರು.

ಹಳೆಯ ಬಟ್ಟೆಯನ್ನು ಎಸೆಯದೆ ಮತ್ತೆ ಬಳಕೆಗೆ ತರುವ ಈ ಬುದ್ಧಿ ಆಯಿಶಾ(ರ)ರ ಪರದೆ ದಿಂಬಾದ ಬುದ್ಧಿಯೇ. ಇಸ್ರಾಫ್, ಅಂದರೆ ದುಂದು, ಬೇಡ ಎಂಬ ಪಾಠವನ್ನು ನಮ್ಮ ಅಜ್ಜಿಯರು ಪುಸ್ತಕದಿಂದ ಓದಿರಲಿಲ್ಲ, ಸೂಜಿಯಿಂದ ಕಲಿತಿದ್ದರು. ಅಮ್ಮಿಯ ಸೀರೆ, ದಾದಿಯ ದುಪಟ್ಟಾ, ತಮ್ಮನ ಸಣ್ಣ ಕುರ್ತಾ ಎಲ್ಲವೂ ಒಂದೇ ಹೊದಿಕೆಯಲ್ಲಿ ಸೇರಿ ಮಗಳ ಜೊತೆ ಅತ್ತೆಮನೆಗೆ ಹೋಗುತ್ತಿದ್ದವು. ತವರಿನ ನೆನಪಿಗೆ ಅದಕ್ಕಿಂತ ಬೆಚ್ಚಗಿನದು ಇನ್ನೇನಿದೆ?

ಗಿರಣಿ ಬಂತು, ಯಂತ್ರ ಬಂತು

ನಿಝಾಮರ ಕಾಲದಲ್ಲಿ, 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಕಲಬುರಗಿಯಲ್ಲಿ ಬಟ್ಟೆ ಗಿರಣಿ ಶುರುವಾಯಿತು. ಆರನೆಯ ನಿಝಾಮ್ ಮೀರ್ ಮಹಬೂಬ್ ಅಲೀ ಖಾನರ ಹೆಸರಿನಲ್ಲಿ ಮಹಬೂಬ್ ಶಾಹಿ ಕಲಬುರ್ಗಾ ಮಿಲ್ಸ್. ಊರಿನವರ ಬಾಯಲ್ಲಿ ಎಂ.ಎಸ್.ಕೆ. ಮಿಲ್. ಗಿರಣಿ ಮುಚ್ಚಿ ವರ್ಷಗಳೇ ಆದರೂ ಬಡಾವಣೆಗೆ ಇಂದಿಗೂ ಅದೇ ಹೆಸರು. ಗಿರಣಿ ಬಟ್ಟೆ ಅಗ್ಗವಾಗಿ ಸಿಕ್ಕಾಗ ಮನೆಯಲ್ಲಿ ನೂಲುವ ಅಗತ್ಯ ತಪ್ಪಿತು. ಆಮೇಲೆ ಮನೆಮನೆಗೆ ಹೊಲಿಗೆ ಯಂತ್ರ ಬಂತು, ಮೊದಲು ಸಿಂಗರ್, ಆಮೇಲೆ ನಮ್ಮ ದೇಶದ್ದೇ ಆದ ಉಷಾ. ಯಂತ್ರವೂ ಮದುಮಗಳ ಸಾಮಾನಿನಲ್ಲಿ ಸೇರಿತು. ಅದು ಸಂದೂಕದ ಶತ್ರುವಾಗಿರಲಿಲ್ಲ. ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರು ಆ ಯಂತ್ರದ ಮೇಲೆ ಮಕ್ಕಳನ್ನು ಸಾಕಿದ್ದಾರೆ, ಓದಿಸಿದ್ದಾರೆ. ಕೊಟ್ಟ ಎಲ್ಲ ಜಹೇಜುಗಳ ಪೈಕಿ ದುಡಿದು ಅನ್ನ ಹಾಕಿದ್ದು ಅದೊಂದೇ.

ಹಳೆಯ ಕಾಲವನ್ನು ಬರೀ ಹೊಗಳುವುದೂ ಸರಿಯಲ್ಲ. ಸಂದೂಕ ತುಂಬಿಸುವ ಹೆಸರಿನಲ್ಲಿ ಎಷ್ಟೋ ಹುಡುಗಿಯರ ಓದು ನಿಂತದ್ದುಂಟು. ಕೈಗೆ ಸೂಜಿ ಕೊಟ್ಟವರು ಲೇಖನಿ ಕೊಡಲಿಲ್ಲ. ಇಂದು ಕಲಬುರಗಿಯ ಬೀಬಿ ರಝಾ ಮಹಿಳಾ ಕಾಲೇಜಿನಂಥ ಸಂಸ್ಥೆಗಳಿಂದ ಪದವಿ ಪಡೆದು ಹೊರಬರುವ ನಮ್ಮ ಹೆಣ್ಣುಮಕ್ಕಳಿಗೆ ಹದಿನೈದು ಗಿಲಾಫ್ ಹೊಲಿಯಲು ಪುರುಸೊತ್ತಿಲ್ಲದಿದ್ದರೆ ಅದು ದುಃಖದ ಸಂಗತಿಯೇನಲ್ಲ. ಇಸಾಮಿಯ ಮಾತನ್ನು ಅವರು ಸುಳ್ಳಾಗಿಸಿದ್ದಾರೆ, ಅಲ್‌ಹಮ್ದುಲಿಲ್ಲಾಹ್.

ದುಃಖದ ಸಂಗತಿ ಬೇರೆ ಇದೆ. ಕೈಯ ಕೆಲಸ ಸಂದೂಕದಿಂದ ಹೊರಗೆ ಹೋಯಿತು. ಖಾಲಿಯಾದ ಜಾಗಕ್ಕೆ ಅಂಗಡಿಯ ಬಿಲ್ಲು ಬಂತು.

ಜೋಡಿ ಬಟ್ಟೆ ರೊಕ್ಕವಾದ ಬಗೆ

ಹೈದರಾಬಾದ್ ದಖನ್ನಿನಲ್ಲಿ ವರನಿಗೆ ಕೊಡುವ ನಗದಿಗೆ ಒಂದು ಹೆಸರಿದೆ: 'ಜೋಡೇ ಕೀ ರಖಮ್'. ಜೋಡಾ ಎಂದರೆ ಒಂದು ಜೊತೆ ಬಟ್ಟೆ. ಹೆಣ್ಣಿನ ಕಡೆಯವರು ಅಳಿಯನಿಗೆ ಪ್ರೀತಿಯಿಂದ ಕೊಡುವ ಒಂದು ಜೊತೆ ಬಟ್ಟೆ. ಬಟ್ಟೆಯ ಬದಲು ಬಟ್ಟೆಗೆಂದು ಹಣ, ಆಮೇಲೆ ಬಟ್ಟೆಗೂ ಹಣಕ್ಕೂ ಸಂಬಂಧವೇ ಇಲ್ಲದಂತೆ ಲಕ್ಷಗಳು. ಹೆಸರಿನಲ್ಲಿ ಮಾತ್ರ ಇನ್ನೂ ಒಂದು ಜೊತೆ ಬಟ್ಟೆ ಉಳಿದಿದೆ. ಹೊಲ ಮಾರಿ, ಸಾಲ ಮಾಡಿ ತಂದೆಯಾದವನು ಕೊಡುವ ಆ ರೊಕ್ಕದಲ್ಲಿ ಎಷ್ಟು ಜೊತೆ ಬಟ್ಟೆ ಬರುತ್ತದೆ ಎಂದು ಲೆಕ್ಕ ಹಾಕಿದರೆ ಆ ಹೆಸರಿನ ಸುಳ್ಳು ತಿಳಿಯುತ್ತದೆ.

ಈ ರೋಗವನ್ನು ಹಿರಿಯರು ಬೇಗನೆ ಗುರುತಿಸಿದ್ದರು. 20ನೇ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲೀ ಥಾನವಿಯವರು ಬರೆದ 'ಬಹಿಶ್ತೀ ಝೇವರ್' ಗ್ರಂಥವನ್ನು ಜಹೇಜಿನಲ್ಲೇ ಇಟ್ಟುಕೊಡುವ ವಾಡಿಕೆ ಬೆಳೆಯಿತು. ಅದೇ ಮೌಲಾನಾರು ಜಹೇಜಿನ ವಿಷಯದಲ್ಲಿ ಮೂರು ಎಚ್ಚರ ಹೇಳಿದ್ದರು: ಶಕ್ತಿ ಮೀರಿ ಕೊಡಬೇಡಿ, ಮಗಳಿಗೆ ನಿಜವಾಗಿ ಬೇಕಾದದ್ದನ್ನು ಕೊಡಿ, ನಾಲ್ಕು ಜನರ ಮುಂದೆ ಹರಡಿ ತೋರಿಸಬೇಡಿ. ಪುಸ್ತಕ ಸಾಮಾನಿನ ಮೇಲೆ ಉಳಿಯಿತು, ಅದರೊಳಗಿನ ಮಾತು ಸಾಮಾನಿನ ಕೆಳಗೆ ಹೂತುಹೋಯಿತು.

ಕೈಯಿಂದ ಹೊಲಿದ ಸಂದೂಕಕ್ಕೆ ತನ್ನದೇ ಒಂದು ಮಿತಿ ಇತ್ತು. ಎರಡು ಕೈ, ಕೆಲವು ವರ್ಷ, ಮನೆಯ ಹಳೆಯ ಬಟ್ಟೆ: ಇಷ್ಟರಲ್ಲಿ ಎಷ್ಟು ಆಗುತ್ತದೋ ಅಷ್ಟೇ. ಅದನ್ನು ಯಾರೂ ಬಡ್ಡಿಗೆ ತರಲಾಗುತ್ತಿರಲಿಲ್ಲ. ಅಂಗಡಿಯ ಜಹೇಜಿಗೆ ಮಿತಿಯೇ ಇಲ್ಲ, ಯಾಕೆಂದರೆ ಸಾಲಕ್ಕೆ ಮಿತಿಯಿಲ್ಲ.

ಸಂದೂಕದ ಬೀಗದ ಕೈ ಯಾರ ಬಳಿ?

ಸಂದೂಕದ ಬಗ್ಗೆ ಇನ್ನೊಂದು ಮಾತು ಮರೆಯಬಾರದು. ಅದಕ್ಕೆ ಬೀಗವಿತ್ತು, ಬೀಗದ ಕೈ ಮದುಮಗಳ ಸೆರಗಿನಲ್ಲಿತ್ತು. ಶರೀಅತ್‌ನ ದೃಷ್ಟಿಯಲ್ಲಿ ಹೆಣ್ಣಿಗೆ ತಂದೆ-ತಾಯಿ ಕೊಟ್ಟದ್ದು ಅವಳದೇ ಸ್ವತ್ತು, ಮಹ್ರ್ ಅವಳದೇ ಹಕ್ಕು. ಅವಳ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಗಂಡನಾಗಲಿ ಅತ್ತೆ-ಮಾವನಾಗಲಿ ಅದನ್ನು ಮುಟ್ಟುವಂತಿಲ್ಲ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ವರದಕ್ಷಿಣೆ ಕೇಳುವುದು, ಪಡೆಯುವುದು ಮಾತ್ರವಲ್ಲ, ಕೊಡುವುದೂ ಅಪರಾಧ. ಮಹ್ರ್ ವರದಕ್ಷಿಣೆಯಲ್ಲ ಎಂದು ಆ ಕಾಯ್ದೆಯೇ ಸ್ಪಷ್ಟಪಡಿಸಿದೆ. ಬೇಡಿಕೆಯಿಲ್ಲದೆ ಪ್ರೀತಿಯಿಂದ ಕೊಟ್ಟ ಉಡುಗೊರೆಗಳಿಗೆ ಅವಕಾಶವಿದೆ. ಆದರೆ ಅವುಗಳ ಪಟ್ಟಿಯನ್ನು ಬರಹದಲ್ಲಿ ಮಾಡಿ ವಧೂವರರು ಸಹಿ ಹಾಕಬೇಕು ಎಂದು 1985ರ ನಿಯಮಗಳು ಹೇಳುತ್ತವೆ. 1986ರ ಮುಸ್ಲಿಮ್ ಮಹಿಳೆಯರ ವಿಚ್ಛೇದನ ಹಕ್ಕು ರಕ್ಷಣಾ ಕಾಯ್ದೆಯ 3ನೇ ಕಲಮಿನಂತೆ, ತಲಾಕ್ ಆದ ಹೆಣ್ಣಿಗೆ ಮದುವೆಗೆ ಮೊದಲು, ಮದುವೆಯಲ್ಲಿ, ಮದುವೆಯ ನಂತರ ತನ್ನ ಕಡೆಯವರೂ ಗಂಡನ ಕಡೆಯವರೂ ತನಗೆ ಕೊಟ್ಟ ಎಲ್ಲ ವಸ್ತುಗಳನ್ನು ವಾಪಸ್ ಪಡೆಯುವ ಹಕ್ಕಿದೆ. ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ಅದನ್ನು ಕೇಳಬಹುದು.

ಸಂಬಂಧ ಮುರಿದು ತವರಿಗೆ ಮರಳಿದ ಹೆಣ್ಣುಮಕ್ಕಳನ್ನು ನಮ್ಮ ಮೊಹಲ್ಲಾಗಳಲ್ಲಿ ನೋಡುತ್ತೇವೆ. ಫ್ರಿಜ್, ಸೋಫಾ, ಬೈಕು ಅಲ್ಲೇ ಉಳಿಯುತ್ತವೆ, ಅವಳು ಒಂದು ಕೈಚೀಲದೊಂದಿಗೆ ಬರುತ್ತಾಳೆ. ಪಂಚಾಯಿತಿ ಕೂತಾಗ ಏನೇನು ಕೊಟ್ಟಿದ್ದೆವು ಎಂಬುದಕ್ಕೆ ಕಾಗದವಿರುವುದಿಲ್ಲ. ಸಂದೂಕದ ಕಾಲದಲ್ಲಿ ಈ ಕಷ್ಟ ಕಡಿಮೆ ಇತ್ತು. ತನ್ನ ಕೈಯಾರೆ ಹೊಲಿದ ಬಟ್ಟೆಯನ್ನು ಯಾವ ಹೆಣ್ಣೂ ಗುರುತಿಸಬಲ್ಲಳು. ಪ್ರತಿ ಹೊಲಿಗೆಯೂ ಅವಳ ಸಹಿಯೇ ಆಗಿತ್ತು.

ನಾವು ಮಾಡಬಹುದಾದದ್ದು

ಆ ಕಾಲವನ್ನು ಇದ್ದಂತೆಯೇ ಮರಳಿ ತರಲಾಗದು, ತರಬೇಕಾಗಿಯೂ ಇಲ್ಲ. ಆದರೆ ಅದರ ಮೂರು ಗುಣಗಳನ್ನು ಉಳಿಸಿಕೊಳ್ಳಬಹುದು: ಮಿತಿ, ಕೈಯ ಶ್ರಮ, ಹೆಣ್ಣಿನ ಒಡೆತನ.

ನಿಕಾಹ್ ದಿನ ಖಾಝಿಯವರ ದಫ್ತರಿನಲ್ಲಿ ಮಹ್ರ್ ಬರೆಯುವಾಗಲೇ ಮಗಳಿಗೆ ಕೊಟ್ಟ ವಸ್ತುಗಳ ಪಟ್ಟಿಯನ್ನೂ ಬರೆಸಿ ಎರಡೂ ಕಡೆಯವರು ಸಹಿ ಮಾಡಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಲೇವಾದೇವಿಯನ್ನು ಬರೆದಿಡಿ ಎಂದು ಕಲಿಸಿದ ದೀನ್ ನಮ್ಮದು. ಮಸೀದಿ ಕಮಿಟಿಗಳು ಇಂಥ ಪಟ್ಟಿಯ ಒಂದು ಸರಳ ನಮೂನೆಯನ್ನು ಅಚ್ಚು ಹಾಕಿಸಿ ಇಟ್ಟರೆ ಖರ್ಚು ಅಲ್ಪ, ಉಪಕಾರ ದೊಡ್ಡದು. ಸಾಮಾನನ್ನು ಶಾದಿಮಹಲಿನಲ್ಲಿ ಜೋಡಿಸಿ ತೋರಿಸುವುದನ್ನು ಬಿಡಿ. ಅದನ್ನು ನೋಡಿ ಮನೆಗೆ ಹೋಗುವ ಬಡ ತಂದೆಯ ರಾತ್ರಿಯ ನಿದ್ದೆಗೆ ನಾವೂ ಹೊಣೆ.

ಮಕ್ಕಳಿಗೆ ಸೂಜಿ ಹಿಡಿಯುವುದನ್ನು ಕಲಿಸಿ, ಹುಡುಗರಿಗೂ. ಗುಂಡಿ ಹೊಲಿದುಕೊಳ್ಳುವುದು ಸುನ್ನತ್‌ನ ನೆರಳಿನಲ್ಲಿರುವ ಕೆಲಸ. ಕೌದಿ ಹೊಲಿಯಬಲ್ಲ, ಗಾದಿ ತುಂಬಬಲ್ಲ ಹಿರಿಯರು ನಿಮ್ಮ ಓಣಿಯಲ್ಲಿ ಇನ್ನೂ ಇದ್ದರೆ ಅವರಿಗೆ ಕೆಲಸ ಕೊಡಿ, ಚೌಕಾಸಿ ಮಾಡದೆ ಕೂಲಿ ಕೊಡಿ, ಪಕ್ಕದಲ್ಲಿ ಮಗಳನ್ನೋ ಮಗನನ್ನೋ ಕೂರಿಸಿ. ಮಗಳ ಮದುವೆಗೆ ಬೇರೆ ಏನು ಕೊಡುತ್ತೀರೋ ಬಿಡುತ್ತೀರೋ, ಮನೆಯವರ ಹಳೆಯ ಬಟ್ಟೆಗಳನ್ನು ಸೇರಿಸಿ ಹೊಲಿದ ಒಂದು ಕೌದಿ, ಕೈಯಾರೆ ಹೊಲಿದ ಒಂದು ಜುಝ್‌ದಾನ್ ಕೊಡಿ.

ಇದ್ಖಿರ್ ಹುಲ್ಲು ತುಂಬಿದ ದಿಂಬಿನ ಮೇಲೆ ತಲೆಯಿಟ್ಟವರು ಜನ್ನತಿನ ಸ್ತ್ರೀಯರ ನಾಯಕಿ. ನಮ್ಮ ಹೆಣ್ಣುಮಕ್ಕಳ ಮನೆಗಳಲ್ಲಿ ಅಲ್ಲಾಹನು ಆ ಸರಳತೆಯನ್ನೂ ಆ ಬರಕತನ್ನೂ ತುಂಬಲಿ. ಆಮೀನ್.